ಒಂದು ಕೃತಿ, ಹನ್ನೊಂದು ಪ್ರತಿ

ಲೈಬ್ರರಿಯಲ್ಲಿ ಕೆಲಸ ಅಂದ ಕೂಡಲೇ ಜನ ನನ್ನನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಾರೆ. "ನಿಮಗೇನು ಬಿಡಿ, ಫ್ಯಾನ್ ಕೆಳಗೆ ಕೂತ್ಕೊಂಡು ಓದ್ತಾ ಇರ್ತೀರ" ಅನ್ನುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಫ್ಯಾನ್ ಕೆಳಗೆ ಕೂತು ಪೂರ್ತಿ ಓದಿದ ಪುಸ್ತಕಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ಮಿಕ್ಕ ಹೊತ್ತೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ. ಅದೂ ನಗುವ ಸ್ಥಿತಿಯಲ್ಲಿ ನಾವು ಇಲ್ಲದಿರುವಾಗಲೇ ಆಗುತ್ತದೆ.

ನಮ್ಮದು ಹಲಸೂರಿನ ಒಂದು ಟ್ರಸ್ಟಿನ ಲೈಬ್ರರಿ. ಕೆಳಗೆ ಅಂಗಡಿಗಳು, ಮೇಲೆ ಒಂದು ಉದ್ದನೆಯ ಹಾಲು, ಹಾಲಿನ ತುಂಬ ಕನ್ನಡ, ತಮಿಳು, ಉರ್ದು, ಇಂಗ್ಲಿಷ್ ಪುಸ್ತಕಗಳು. ನೌಕರರು ಇಬ್ಬರೇ. ಲೈಬ್ರರಿಯನ್ ಅಂತ ನಾನು, ಅಟೆಂಡರ್ ಕಮ್ ಬೈಂಡರ್ ಅಂತ ಶಿವಾಜಿನಗರದಿಂದ ಸೈಕಲ್ಲಿನಲ್ಲಿ ಬರುವ ಚಾಚಾ. ನಾನು ಸಿಟ್ಟಿನವಳು, ಅವರು ಶಾಂತಸ್ವಭಾವದವರು. ಅವರ ಶಾಂತಸ್ವಭಾವ ನೋಡಿಯೇ ನನಗೆ ಅರ್ಧ ಸಿಟ್ಟು ಬರುವುದು.

ಹೋದ ವರ್ಷ ಒಂದು ಜಿಮ್ಮಿನವರು ನಮ್ಮ ಹಾಲಿನ ಮೇಲೆ ಕಣ್ಣು ಹಾಕಿದರು. ಟ್ರಸ್ಟಿನಲ್ಲಿ ಅರ್ಧಕ್ಕರ್ಧ ಜನ ಕೊಟ್ಟುಬಿಡೋಣ ಅಂದರು. ಅಧ್ಯಕ್ಷರು ಮಾತ್ರ ಅತ್ತ ದರಿ ಇತ್ತ ಪುಲಿ ಅಂತ ಕೂತಿದ್ದರು. ಅವರು ದೊಮ್ಮಲೂರಿನ ಹಳೇ ಜಮೀನುದಾರರ ಮನೆಯವರು. ಈ ಕಟ್ಟಡವನ್ನೂ ಮೊದಲ ಬೀರು ಪುಸ್ತಕಗಳನ್ನೂ ಕೊಟ್ಟದ್ದು ಅವರ ತಾತ. ಅಧ್ಯಕ್ಷರ ಕೈಯಲ್ಲಿ ಸದಾ ಒಂದು ಪ್ಲಾಸ್ಟಿಕ್ ಕವರು, ಅದರ ತುಂಬ ಜಮೀನಿನ ಕಾಗದಗಳು. ಕೊನೆಗೆ ಅವರು ನನ್ನನ್ನು ಕರೆದು ತೀರ್ಮಾನ ಹೇಳಿದರು. "ನೋಡಮ್ಮ, ಮೂರು ತಿಂಗಳು ಟೈಮು. ಪುಸ್ತಕದ ಪಟ್ಟಿ ಪೂರ್ತಿ ಹೊಸ ಪದ್ಧತಿಗೆ ಹಾಕಿ. ಕಮಿಟಿ ಬಂದು ಚೆಕ್ ಮಾಡ್ತದೆ. ತಾಳೆ ಆದ್ರೆ ಹಾಲು ನಿಮ್ದು. ಒಂದೇ ಒಂದು ಪುಸ್ತಕ ಕಮ್ಮಿ ಬಂದ್ರೂ ನಾನು ಅಡ್ಡ ಬರಲ್ಲ, ಟ್ರೆಡ್‌ಮಿಲ್ ಬರ್ತದೆ."

ಆವತ್ತಿನಿಂದ ನನಗೆ ಸರಿಯಾಗಿ ಊಟ ಸೇರಲಿಲ್ಲ.

೧. ಕಣ್ಣಿಗೆ ಕಾಣದ ಪುಸ್ತಕ

ಹೊಸ ಪದ್ಧತಿ ಕಲಿಸಲು ಸಾಫ್ಟ್‌ವೇರ್ ಕಂಪನಿಯಿಂದ ಒಬ್ಬ ಟ್ರೈನರ್ ಬಂದರು. ಬೋರ್ಡಿನ ಮೇಲೆ ಒಂದರ ಕೆಳಗೊಂದು ನಾಲ್ಕು ಚೌಕ ಬರೆದರು: ಕೃತಿ, ರೂಪ, ಮುದ್ರಣ, ಪ್ರತಿ. ಲೇಖಕರ ತಲೆಯಲ್ಲಿ ಹುಟ್ಟಿದ್ದು ಕೃತಿಯಂತೆ. ಅದು ಕನ್ನಡದಲ್ಲೋ ತಮಿಳಿನಲ್ಲೋ ಮಾತಾಗಿ ಬಂದರೆ ರೂಪ. ಪ್ರಕಾಶಕರು ಅಚ್ಚು ಹಾಕಿಸಿದರೆ ಮುದ್ರಣ. "ನಿಮ್ಮ ರ್‍ಯಾಕಿನಲ್ಲಿ ಧೂಳು ಹಿಡಿದುಕೊಂಡು ಕೂತಿರೋದು ಪ್ರತಿ" ಅಂದರು. ಧೂಳು ಅಂದದ್ದಕ್ಕೆ ಚಾಚಾ ಮುಖ ಊದಿಸಿಕೊಂಡರು.

ನನಗೆ ವಿಷಯ ಹಿಡಿಸಿತು. ಇಷ್ಟು ದಿನ ಒಂದೇ ಕಾದಂಬರಿಯ ಕನ್ನಡ ಪುಸ್ತಕ ಒಂದು ಮೂಲೆಯಲ್ಲಿ, ಅದರ ತಮಿಳು ಅನುವಾದ ಇನ್ನೊಂದು ಮೂಲೆಯಲ್ಲಿ, ಪರಸ್ಪರ ಗುರುತೇ ಇಲ್ಲದ ಹಾಗೆ ಬಿದ್ದಿರುತ್ತಿದ್ದವು. ಈಗ ಎಲ್ಲವೂ ಒಂದೇ ಕೃತಿಯ ಕೆಳಗೆ ಸಂಸಾರದ ಹಾಗೆ ಬಂದು ನಿಲ್ಲುತ್ತವೆ.

ಕ್ಲಾಸು ನೋಡಲು ಅಧ್ಯಕ್ಷರೂ ಬಂದು ಕೂತಿದ್ದರು. ಟ್ರೈನರ್ ಮೇಜಿನ ಮೇಲಿದ್ದ ದಪ್ಪನೆಯ ಪುಸ್ತಕ ಎತ್ತಿ ಅವರನ್ನೇ ಕೇಳಿದರು.

"ಇದೇನು ಸಾರ್?"

"ಪುಸ್ತಕ."

"ಅಲ್ಲ ಸಾರ್, ಇದು ಪ್ರತಿ."

"ಆಯ್ತು, ಪ್ರತಿ. ಹಂಗಾದ್ರೆ ಪುಸ್ತಕ ಎಲ್ಲಿದೆ?"

"ನೀವು ಕೇಳ್ತಿರೋದು ಕೃತಿ. ಅದು ಕಣ್ಣಿಗೆ ಕಾಣಲ್ಲ ಸಾರ್, ಕೈಗೂ ಸಿಗಲ್ಲ. ಅದೊಂದು ಕಲ್ಪನೆ. ಆದ್ರೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೋದು ಅದೇ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗೋಡೆಯ ಮೇಲಿದ್ದ ತಾತನ ಫೋಟೋ ನೋಡಿದರು, ಫೋಟೋದ ಕೆಳಗಿದ್ದ ಬೀರು ನೋಡಿದರು. "ಅಲ್ರೀ, ನಮ್ ತಾತ ಎತ್ತಿನಗಾಡಿಯಲ್ಲಿ ಹೇರ್ಕೊಂಡು ಬಂದು ಕೊಟ್ಟಿದ್ದು ಏನು ಹಂಗಾದ್ರೆ?"

ಟ್ರೈನರ್ ಬಾಯಿ ತೆರೆಯುವ ಮೊದಲೇ ಚಾಚಾ ಸಮಾಧಾನದ ದನಿಯಲ್ಲಿ ಹೇಳಿದರು. "ಅದು ಪ್ರತಿ ಸಾಬ್. ಕಲ್ಪನೆ ಆಗಿದ್ರೆ ಗಾಡಿ ಯಾಕೆ ಬೇಕಿತ್ತು?"

೨. ಕೋಳಿ ಸಾಕಿದವನು

ಮೊದಲ ತಿಂಗಳು ಹೇಗೋ ಕಳೆಯಿತು. ಎರಡನೇ ತಿಂಗಳಲ್ಲಿ ನಾನು ಒಂದು ಕೆಂಪು ರಟ್ಟಿನ ಪುಸ್ತಕ ಬಿಚ್ಚಿದೆ. ಹೊರಗೆ ಬರೆದಿದ್ದದ್ದು ಒಂದು ಪತ್ತೇದಾರಿ ಕಾದಂಬರಿಯ ಹೆಸರು. ಒಳಗೆ ಅರವತ್ತು ಪುಟದವರೆಗೆ ಅದೇ ಕಾದಂಬರಿ. ಆಮೇಲೆ ನಲವತ್ತು ಪುಟ ಕೋಳಿ ಸಾಕಾಣಿಕೆಯ ಕೈಪಿಡಿ. ಅದರ ನಂತರ ಬೇರೆ ಯಾರೋ ಬರೆದ ಇನ್ನೊಂದು ಪತ್ತೇದಾರಿ ಕಾದಂಬರಿ.

"ಚಾಚಾ, ಇದೇನಿದು?"

"ಬೈಂಡಿಂಗ್ ಮೇಡಂ."

"ಅದು ಕಾಣ್ತದೆ. ಮೂರೂ ಒಂದೇ ರಟ್ಟಿನಲ್ಲಿ ಯಾಕಿವೆ?"

"ಮೂರೂ ತೆಳ್ಳಗಿತ್ತು. ಅಳತೆ ಒಂದೇ ಇತ್ತು. ಬಟ್ಟೆ ಉಳೀತು." ತಮ್ಮ ಕೈಕೆಲಸವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹೊಲಿಗೆ ನೋಡಿ ಮೇಡಂ, ಒಂದು ದಾರ ಆಚೆ ಬಂದಿಲ್ಲ."

ಹೊಲಿಗೆ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಪ್ರತಿ ಒಂದು, ಕೃತಿ ಮೂರು. ಇಂಥವು ಇನ್ನೆಷ್ಟಿವೆ ಅಂತ ಕೇಳಿದರೆ "ತೆಳ್ಳಗಿರೋದೆಲ್ಲ" ಅಂದರು. ಮುಂದಿನ ಹದಿನೈದು ದಿನ ನಾವಿಬ್ಬರೂ ಹಾಲಿನ ಒಂದೊಂದು ಕೆಂಪು ರಟ್ಟನ್ನೂ ತೆಗೆದು ನೋಡಿದೆವು. ಮಕ್ಕಳ ಆರೈಕೆಯ ಜೊತೆ ಚದುರಂಗ ಇತ್ತು. ಪಂಚಾಂಗದ ಜೊತೆ ಸ್ಕೂಟರ್ ರಿಪೇರಿ ಇತ್ತು. ನಾನು ಬಯ್ಯುತ್ತಾ ಬರೆಯುತ್ತಿದ್ದೆ, ಅವರು ಹೊಲಿಗೆ ಹೊಗಳಿಕೊಳ್ಳುತ್ತಾ ತೆಗೆದುಕೊಡುತ್ತಿದ್ದರು.

ಕೋಳಿ ಪುಸ್ತಕವನ್ನು ಹಿಂದೆ ಯಾರು ತೆಗೆದುಕೊಂಡಿದ್ದರು ಅಂತ ಹುಡುಕಿದೆ. ಒಬ್ಬರೇ ಒಬ್ಬರು, ಸಿ.ವಿ. ರಾಮನ್ ನಗರದ ನಿವೃತ್ತ ಇಂಜಿನಿಯರು. ಅವರು ಬಂದಾಗ ಕೈಮುಗಿದು ಕ್ಷಮೆ ಕೇಳಿದೆ. "ಸಾರ್, ಆ ಪುಸ್ತಕದಲ್ಲಿ ನಮ್ಮಿಂದ ಒಂದು ತಪ್ಪಾಗಿದೆ."

"ಯಾಕ್ರೀ, ಚೆನ್ನಾಗೇ ಇತ್ತಲ್ಲ. ಮಧ್ಯದಲ್ಲಿ ಸ್ವಲ್ಪ ಎಳೆದಿದ್ದಾನೆ ಅಷ್ಟೆ" ಅಂದರು ಅವರು. "ಆದ್ರೆ ಕೊಲೆ ಮಾಡಿದ್ದು ಆ ಕೋಳಿ ಸಾಕೋನೇ ಅಂತ ನನಗೆ ಮೊದಲೇ ಡೌಟ್ ಬಂದಿತ್ತು."

೩. ಬಡ ಹುಡುಗ, ಶ್ರೀಮಂತರ ಹುಡುಗಿ

ಉರ್ದು ಪುಸ್ತಕಗಳ ಸರದಿ ಬಂತು. ನನಗೆ ಉರ್ದು ಓದಲು ಬಾರದು, ತಮಿಳನ್ನು ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಚಾಚಾ ಉರ್ದು ಚೆನ್ನಾಗಿ ಓದುತ್ತಾರೆ. ಹಳೆಯ ಪುಸ್ತಕಗಳಲ್ಲಿ ಮುಖಪುಟ ಹೋಗಿರುತ್ತದೆ, ಯಾವುದರ ಅನುವಾದ ಯಾವುದು ಅಂತ ತಿಳಿಯಬೇಕಾದರೆ ಕಥೆಯೇ ಗತಿ. ಆದ್ದರಿಂದ ಅವರು ಓದಿ ಕಥೆ ಹೇಳುವುದು, ನಾನು ಗುರುತು ಹಿಡಿದು ಸೇರಿಸುವುದು ಅಂತ ಮಾಡಿಕೊಂಡೆವು.

"ಹೇಳಿ ಚಾಚಾ."

"ಹುಡುಗ ಬಡವ ಮೇಡಂ. ಹುಡುಗಿ ಶ್ರೀಮಂತರ ಮನೆ. ಅಪ್ಪ ಒಪ್ಪಲ್ಲ. ಕೊನೆಗೆ ಹುಡುಗಿಗೆ ಕಾಯಿಲೆ."

"ಗೊತ್ತಾಯ್ತು, ಇದು ನಮ್ಮ ಕನ್ನಡದ್ದೇ ಅನುವಾದ." ಒಂದೇ ಕೃತಿ ಅಂತ ಸೇರಿಸಿದೆ. "ಮುಂದಿನದು?"

"ಹುಡುಗ ಬಡವ. ಹುಡುಗಿ ಶ್ರೀಮಂತರ ಮನೆ. ಅಪ್ಪ ಒಪ್ಪಲ್ಲ."

"ಕಾಯಿಲೆ?"

"ಇದರಲ್ಲಿ ಹುಡುಗನಿಗೆ."

ಅನುವಾದಕರು ಸ್ವಲ್ಪ ಬದಲಾಯಿಸಿರಬೇಕು ಅಂದುಕೊಂಡು ಅದನ್ನೂ ಸೇರಿಸಿದೆ. ತಮಿಳಿನದೊಂದು ಸಿಕ್ಕಿತು, ಅದರಲ್ಲೂ ಅಪ್ಪ ಒಪ್ಪಲಿಲ್ಲ. ಗಡುವು ಹತ್ತಿರ ಬಂದಿತ್ತು, ಕೆಲಸ ಓಡುತ್ತಿತ್ತು, ಇಬ್ಬರಿಗೂ ಹುರುಪು ಬಂದಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಏಳು ಕಾದಂಬರಿ ಒಂದೇ ಕೃತಿಯಾಗಿದ್ದವು.

ಟಿಫಿನ್ ಬಾಕ್ಸ್ ಮುಚ್ಚಳ ತೆಗೆದವಳಿಗೆ ತಟ್ಟನೆ ಅನುಮಾನ ಬಂತು. ಒಂದೇ ಕಾದಂಬರಿಗೆ ಅಷ್ಟೊಂದು ಅನುವಾದ ಎಲ್ಲಿಂದ ಬಂತು? ಏಳಕ್ಕೂ ಬೇರೆ ಬೇರೆ ಲೇಖಕರಿದ್ದರೆ! ಅನ್ನ ಹಾಗೇ ಬಿಟ್ಟು ಎದ್ದೆ. ಏಳು ಜನರ ಬೆವರನ್ನು ಒಬ್ಬರ ಹೆಸರಿಗೆ ಬರೆದುಬಿಟ್ಟಿದ್ದೆ, ಕಮಿಟಿಯ ಕಣ್ಣಿಗೆ ಬಿದ್ದರೆ ಅಷ್ಟಕ್ಕೇ ಹಾಲು ಹೋಗುತ್ತಿತ್ತು. ಸಂಜೆಯವರೆಗೆ ಕೂತು, ಪ್ರತಿ ಪುಸ್ತಕದ ಮೊದಲ ಪುಟ, ಕೊನೆಯ ಪುಟ, ಪಾತ್ರಗಳ ಹೆಸರು ಎಲ್ಲ ಹೋಲಿಸಿ ನೋಡಿದೆವು. ನಿಜವಾದ ಅನುವಾದ ಒಂದೂ ಇರಲಿಲ್ಲ.

"ಪಾಪ, ಏಳು ಜನಾನೂ ಬೇರೆ ಬೇರೆ ಕೂತು ಬರ್ದಿದ್ದಾರೆ ಮೇಡಂ" ಅಂದರು ಚಾಚಾ. "ಒಬ್ರಿಗೊಬ್ರಿಗೆ ಗೊತ್ತಿಲ್ಲ."

ಬಿಡಿಸಲು ಬಟನ್ ಒತ್ತಿದೆ. ಕಂಪ್ಯೂಟರ್ ಕೇಳಿತು: "ಇವು ಬೇರೆ ಬೇರೆ ಕೃತಿಗಳೆಂದು ಖಚಿತವೇ?" ದೇವರಾಣೆಗೂ ಖಚಿತವಿರಲಿಲ್ಲ, ಆದರೂ ಹೌದು ಅಂತ ಒತ್ತಿದೆ.

೪. ಟೇಪು

ಗಡುವಿಗೆ ಹತ್ತು ದಿನವಿದ್ದಾಗ ಜಿಮ್ಮಿನ ಮಾಲೀಕ ಅಳತೆ ಟೇಪು ಹಿಡಿದುಕೊಂಡು ಬಂದ. ಮೂವತ್ತರ ಪ್ರಾಯ, ಅಂಗಿಯ ತೋಳು ಹರಿಯುವಂತಿದ್ದ ಮೈಕಟ್ಟು. ನಾನಿನ್ನೂ ಕೂತಿರುವಾಗಲೇ ನನ್ನ ಕುರ್ಚಿಯ ಕೆಳಗೆ ಟೇಪು ಹಾಯಿಸಿ, "ಮೇಡಂ, ಸ್ವಲ್ಪ ಕಾಲು ಎತ್ಕೊಳ್ಳಿ" ಅಂದ. ನಾನು ಎತ್ತಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು.

ಚಾಚಾ ಮಾತ್ರ ಬಹಳ ಮರ್ಯಾದೆಯಿಂದ ಹತ್ತಿರ ಹೋದರು. "ಆ ಗೋಡೆ ಅಳೀಬೇಕಾ ಸಾಬ್? ನಿಘಂಟು ಅಡ್ಡ ಇದೆ. ಈ ಕಡೆ ಇಟ್ಟುಬಿಟ್ರೆ ಅಳೀಬಹುದು."

ಅವನು ಹುಮ್ಮಸ್ಸಿನಿಂದ ನಿಘಂಟಿನ ಸಂಪುಟಗಳನ್ನು ಎತ್ತೆತ್ತಿ ಈ ಕಡೆ ಇಟ್ಟ. "ಈಗ ಈ ಗೋಡೆ ಅಡ್ಡ ಆಯ್ತಲ್ಲ ಸಾಬ್" ಅಂದರು ಚಾಚಾ. ಅವನು ಮತ್ತೆ ಆ ಕಡೆ ಇಟ್ಟ. ಎರಡನೇ ಸುತ್ತಿಗೆ ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಸ್ಟೂಲಿನ ಮೇಲೆ ಉಸ್ಸಪ್ಪಾ ಅಂತ ಕೂತು ನೀರು ಕೇಳಿದ.

ಚಾಚಾ ನೀರು ಕೊಟ್ಟು ಹೇಳಿದರು. "ನಾನು ದಿನಾ ಮಾಡ್ತೀನಿ ಸಾಬ್. ಫೀಸ್ ಇಲ್ಲ."

೫. ಗುರುವಾರದ ಪಾಟಿ

ಹಲಸೂರು ಮಾರ್ಕೆಟ್ಟಿನ ಹಿಂದಿನ ಬೀದಿಯಿಂದ ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಒಬ್ಬ ಅಜ್ಜಿ ಬರುತ್ತಾರೆ. ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ. ನಾವೆಲ್ಲ ಪಾಟಿ ಅನ್ನುತ್ತೇವೆ. ಮೊದಲು ಗಂಡ ಹೆಂಡತಿ ಇಬ್ಬರೂ ಬರುತ್ತಿದ್ದರು. ಯಜಮಾನರು ತೀರಿಕೊಂಡು ಆಗ ಒಂದು ವರ್ಷವಾಗಿತ್ತು, ಬರುವುದು ಇವರೊಬ್ಬರೇ.

ಗಡುವಿಗೆ ಒಂದು ವಾರವಿದ್ದ ಗುರುವಾರ ಬಂದು "ಸೊಸೆ ಕಥೆ ಕೊಡಮ್ಮಾ" ಅಂದರು. ಅದೊಂದು ಹಳೆಯ ಸಂಸಾರದ ಕಾದಂಬರಿ, ನಮ್ಮ ಓದುಗರು ಅದಕ್ಕೆ ಇಟ್ಟ ಹೆಸರು ಸೊಸೆ ಕಥೆ. ನನಗೆ ಖುಷಿಯಾಯಿತು, ಹೊಸ ಪದ್ಧತಿಯನ್ನು ತೋರಿಸಲು ಅದಕ್ಕಿಂತ ಒಳ್ಳೆಯ ಪುಸ್ತಕ ಇರಲಿಲ್ಲ. ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದೆ. "ನೋಡಿ ಪಾಟಿ, ಒಂದು ಕೃತಿ. ನಾಲ್ಕು ಭಾಷೆ, ಆರು ಮುದ್ರಣ, ಹನ್ನೊಂದು ಪ್ರತಿ. ನಿಮಗೆ ಯಾವುದು ಬೇಕೋ ತಗೊಳ್ಳಿ."

"ಹನ್ನೊಂದು ಯಾಕಮ್ಮಾ ನನಗೆ? ನಂದು ಕೊಡು."

"ಎಲ್ಲ ಒಂದೇ ಕಥೆ ಪಾಟಿ."

"ಕಥೆ ಯಾರಿಗೆ ಬೇಕು? ಆ ಸೊಸೆ ಕಂಡ್ರೆ ನನಗಾಗಲ್ಲ."

ಅವರು ಕೇಳಿದ್ದು ತಮಿಳಿನ ಒಂದು ಹಳೆಯ ಪ್ರತಿ, ಚಾಚಾ ಕಟ್ಟಿದ ಕೆಂಪು ರಟ್ಟಿನದು. ಪಟ್ಟಿ ಮಾಡುವಾಗ ಹೆಸರಿನ ಪುಟವಷ್ಟೇ ನೋಡಿದ್ದೆ, ಈಗ ಒಳಗೆ ತೆಗೆದು ನೋಡಿ ನನಗೆ ತಲೆ ಸುತ್ತಿತು. ಪುಟದ ಅಂಚಿನಲ್ಲೆಲ್ಲ ಪೆನ್ಸಿಲ್ ಬರಹ. ಒಂದು ಕೈಬರಹ ದುಂಡಗೆ, ಇನ್ನೊಂದು ಕೋಳಿ ಕೆದಕಿದ ಹಾಗೆ. ಮೂವತ್ತು ವರ್ಷ ಗಂಡ ಹೆಂಡತಿ ಅದೇ ಪ್ರತಿಯನ್ನು ಸರದಿಯಂತೆ ಮನೆಗೆ ಒಯ್ದು ಅಂಚಿನಲ್ಲಿ ಜಗಳವಾಡಿದ್ದರು. ಅತ್ತೆ ಸರಿ ಅಂತ ಇವರು, ಸೊಸೆ ಸರಿ ಅಂತ ಅವರು. ಲೈಬ್ರರಿ ಪುಸ್ತಕದಲ್ಲಿ ಬರೆಯಬಾರದು ಅನ್ನುವ ಬೋರ್ಡಿನ ಕೆಳಗೆ ನಾನೇ ಕೂತಿದ್ದೆ.

ಪಾಟಿ ಕೊನೆಯ ಪುಟ ತೆಗೆದು ತೋರಿಸಿದರು. ಕೋಳಿ ಕೆದಕಿದ ಅಕ್ಷರದಲ್ಲಿ ಒಂದು ಸಾಲಿತ್ತು, ಅವರೇ ಓದಿ ಹೇಳಿದರು: "ನೀನು ಇಲ್ಲಿವರೆಗೆ ಓದೋಳಲ್ಲ, ನನಗೆ ಗೊತ್ತು."

"ನಿಜ ಅಮ್ಮಾ. ಆ ಸೊಸೆ ಮೇಲೆ ಸಿಟ್ಟು ಬಂದು ಪ್ರತಿ ಸಲ ಅರ್ಧಕ್ಕೇ ಬಿಡ್ತಿದ್ದೆ. ಹೋದ ತಿಂಗಳು ಇಲ್ಲೇ ಕೂತು ಮುಗಿಸ್ದೆ. ಆಗ ಸಿಕ್ತು ಇದು." ಅವರ ಮುಖದಲ್ಲಿ ಅಳು ಇರಲಿಲ್ಲ, ಶುದ್ಧ ಸಿಟ್ಟಿತ್ತು. "ಉತ್ತರ ಬರೀಬೇಕು."

ಪೆನ್ಸಿಲ್ ಕೊಟ್ಟು ಕಿಟಕಿಯ ಕಡೆ ತಿರುಗಿ ಕೂತೆ. ಐದು ನಿಮಿಷ ಬಿಟ್ಟು ನೋಡಿದರೆ ಪೆನ್ಸಿಲ್ ಹಾಗೇ ಇದೆ.

"ಬರೀರಿ ಪಾಟಿ, ನಾನು ನೋಡಲ್ಲ."

"ಮೂವತ್ತು ವರ್ಷದ ಜಗಳಮ್ಮಾ. ಅರ್ಜೆಂಟಲ್ಲಿ ಬರೆಯೋಕಾಗುತ್ತಾ? ಮನೆಗೆ ಕೊಡು."

ತಪಾಸಣೆಗೋಸ್ಕರ ಪುಸ್ತಕ ಹೊರಗೆ ಕೊಡುವುದನ್ನು ನಿಲ್ಲಿಸಿದ್ದೆವು. ಕಂಪ್ಯೂಟರಿನಲ್ಲಿ ಆ ಬಟನ್ನೇ ಮುಚ್ಚಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಾನು ಎಲ್ಲೂ ಬರೆದುಕೊಳ್ಳದೆ ಒಂದು ಪುಸ್ತಕ ಕೊಟ್ಟು ಕಳಿಸಿದೆ. "ಬುಧವಾರದೊಳಗೆ ತಂದುಬಿಡಿ ಪಾಟಿ. ಗುರುವಾರ ಬರಬೇಡಿ, ಆವತ್ತು ಕಮಿಟಿ ಬರುತ್ತೆ" ಅಂತ ಮೂರು ಸಲ ಹೇಳಿದೆ.

ಪಾಟಿ ಮೂರು ಸಲವೂ ತಲೆಯಾಡಿಸಿದರು. ಬುಧವಾರ ಸಂಜೆ ಬಾಗಿಲು ಹಾಕುವಾಗ ಹನ್ನೊಂದನೇ ಪ್ರತಿ ಬಂದಿರಲಿಲ್ಲ.

೬. ಸರ್ವೆ ನಂಬರು

ಗುರುವಾರ ಬೆಳಿಗ್ಗೆ ಟಿನ್ ಫ್ಯಾಕ್ಟರಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತಿತು. ನಿಂತ ಬಸ್ಸಿನಲ್ಲಿ ಗೊತ್ತಿರುವ ದೇವರನ್ನೆಲ್ಲ ನೆನೆದೆ. ನೇರ ಪಾಟಿಯ ಮನೆಗೆ ಹೋಗಿ ಪುಸ್ತಕ ತರಬೇಕು ಅಂದುಕೊಂಡಿದ್ದವಳು ಲೈಬ್ರರಿ ತಲುಪುವ ಹೊತ್ತಿಗೆ ಕಮಿಟಿ ಬಂದು ಕೂತಿತ್ತು. ಅಧ್ಯಕ್ಷರು, ಇಬ್ಬರು ಸದಸ್ಯರು, ಬಾಗಿಲ ಹತ್ತಿರ ಜಿಮ್ಮಿನ ಮಾಲೀಕ. ಅವನು ಬೀಗ ಬದಲಾಯಿಸುವವನನ್ನೂ ಜೊತೆಗೆ ಕರೆತಂದಿದ್ದ.

"ಪಟ್ಟಿ ತೋರಿಸಮ್ಮ" ಅಂದರು ಅಧ್ಯಕ್ಷರು.

ತೋರಿಸಿದೆ. ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ಒಟ್ಟು ಕೃತಿಗಳು ಐದು ಸಾವಿರದ ಚಿಲ್ಲರೆ ಅಂತಿತ್ತು. ಅಧ್ಯಕ್ಷರು ಹಳೆಯ ರಿಜಿಸ್ಟರ್ ತೆಗೆದರು. ಅದರಲ್ಲಿ ಪುಸ್ತಕಗಳು ಎಂಟು ಸಾವಿರದ ಚಿಲ್ಲರೆ.

ಅವರ ಮುಖ ಕೆಂಪಾಯಿತು. "ಮೂರು ಸಾವಿರ ಪುಸ್ತಕ ಎಲ್ಲಮ್ಮ?"

"ಇಲ್ಲೇ ಇವೆ ಸಾರ್. ಒಂದೇ ಕೃತಿಯ ಪ್ರತಿಗಳನ್ನೆಲ್ಲ ಒಂದರ ಕೆಳಗೆ ಸೇರಿಸಿದ್ದೀವಿ."

"ಸೇರಿಸಿದ್ರೆ ಜಾಸ್ತಿ ಆಗ್ಬೇಕು, ಕಮ್ಮಿ ಹೆಂಗಾಯ್ತು? ಮೂರು ತಿಂಗಳು ಕೊಟ್ಟಿದ್ದಕ್ಕೆ ತಿಂಗಳಿಗೆ ಸಾವಿರ ಹೊಡೆದಿದ್ದೀರಾ?" ಫೋನು ಕೈಗೆ ತೆಗೆದುಕೊಂಡರು. "ಸ್ಟೇಷನ್‌ಗೆ ಹೇಳ್ತೀನಿ."

ಕೆಲಸ ಚೆನ್ನಾಗಿ ಮಾಡಿದಷ್ಟೂ ಕಳ್ಳಿಯಾಗುತ್ತಾ ಹೋಗಿದ್ದೆ. ಇನ್ನೂ ನಾಲ್ಕು ಪುಸ್ತಕ ಸೇರಿಸಿದ್ದರೆ ಇನ್ನೂ ನಾಲ್ಕು ಕದ್ದ ಹಾಗಾಗುತ್ತಿತ್ತು. ಕೃತಿ, ರೂಪ ಅಂತ ಮತ್ತೆ ಹೇಳಹೊರಟೆ, "ಆ ಕಣ್ಣಿಗೆ ಕಾಣದ ಪುರಾಣ ಬೇಡ" ಅಂದರು. ಜಿಮ್ಮಿನವನು ಬೀಗದವನ ಕಿವಿಯಲ್ಲಿ ಏನೋ ಹೇಳಿದ. ಅದನ್ನು ಕಂಡು ನನಗೆ ತಲೆ ಕೆಟ್ಟಿತು. ಅಧ್ಯಕ್ಷರ ತೊಡೆಯ ಮೇಲಿದ್ದ ಪ್ಲಾಸ್ಟಿಕ್ ಕವರಿಗೆ ಬೆರಳು ತೋರಿಸಿ ಜೋರಾಗಿಯೇ ಕೇಳಿದೆ.

"ಸಾರ್, ನಿಮ್ಮ ತಾತನ ಜಮೀನು ಎಷ್ಟು ಸರ್ವೆ ನಂಬರು?"

"ಒಂದು. ಯಾಕೆ?"

"ಅದು ಮಕ್ಕಳಿಗೆ ಭಾಗ ಆಯ್ತಾ ಇಲ್ವಾ?"

"ಆಯ್ತು. ನಾಲ್ಕು ಪೋಡಿ."

"ಪ್ರತಿ ಭಾಗದಲ್ಲೂ ಲೇಔಟ್ ಮಾಡಿದ್ರಿ. ಲೇಔಟಲ್ಲಿ ಸೈಟ್ ಹಾಕಿದ್ರಿ. ಒಟ್ಟು ಎಷ್ಟು ಸೈಟು?"

"ಅರವತ್ತು."

"ಸರ್ವೆ ನಂಬರ್ ಒಂದೇ ಇದೆ ಅಂತ ಐವತ್ತೊಂಬತ್ತು ಸೈಟು ಯಾರೋ ಕದ್ದುಬಿಟ್ರು ಅಂತೀರಾ? ಕೃತಿ ಅಂದ್ರೆ ಸರ್ವೆ ನಂಬರು. ರೂಪ ಅಂದ್ರೆ ಪೋಡಿ. ಮುದ್ರಣ ಅಂದ್ರೆ ಲೇಔಟು. ಪ್ರತಿ ಅಂದ್ರೆ ಸೈಟು!"

ಅಧ್ಯಕ್ಷರು ಫೋನನ್ನು ನಿಧಾನವಾಗಿ ಜೇಬಿಗೆ ಹಾಕಿಕೊಂಡರು. "ಥೂ, ಆ ಟ್ರೈನರ್ ಇದನ್ನ ಮೊದಲೇ ಹೇಳಬಾರದಿತ್ತಾ?" ಅಂದರು.

ನನಗೆ ಜೀವ ಬಂತು. ಆದರೆ ಅರ್ಥವಾದ ಅಧ್ಯಕ್ಷರು ಅರ್ಥವಾಗದ ಅಧ್ಯಕ್ಷರಿಗಿಂತ ಕಷ್ಟ. ಕುರ್ಚಿಯಿಂದ ಎದ್ದು ಜಮೀನು ನೋಡಲು ಬಂದವರ ಹಾಗೆ ಹಾಲಿನ ತುಂಬ ಓಡಾಡತೊಡಗಿದರು. ಒಂದೊಂದು ಪುಸ್ತಕಕ್ಕೂ ಮದರ್ ಡೀಡ್ ಕೇಳಿದರು. ಮುಖಪುಟ ಹರಿದದ್ದನ್ನು ಎತ್ತಿ "ಇದು ಬಿ ಖಾತಾನಾ?" ಅಂದರು. ಕೋಳಿ ಪುಸ್ತಕ ಬಿಚ್ಚಿ ನೋಡಿ ಚಾಚಾ ಕಡೆ ತಿರುಗಿದರು. "ಒಂದು ಸೈಟಲ್ಲಿ ಮೂರು ಮನೆ! ಪ್ಲಾನ್ ಸ್ಯಾಂಕ್ಷನ್ ಆಗಿದೆಯೇನಯ್ಯ?"

"ಅಕ್ಕಪಕ್ಕ ಜಾಗ ಬಿಟ್ಟು ಹೊಲಿದಿದ್ದೀನಿ ಸಾಬ್" ಅಂದರು ಚಾಚಾ.

"ಆಯ್ತು. ಈಗ ಒಂದು ಸರ್ವೆ ನಂಬರ್ ತಗೊಂಡು ಎಲ್ಲಾ ಸೈಟೂ ಸ್ಥಳದಲ್ಲೇ ನೋಡ್ತೀನಿ. ಅದು ಸರಿ ಇದ್ರೆ ಎಲ್ಲಾ ಸರಿ ಅಂತ ಸೈನ್ ಹಾಕ್ತೀನಿ." ಕಣ್ಣು ಮುಚ್ಚಿ ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟರು. ಬೆರಳು ಬಿದ್ದದ್ದು ಸೊಸೆ ಕಥೆಯ ಮೇಲೆ.

ಐದು ಸಾವಿರ ಕೃತಿಗಳಿದ್ದವು ಸ್ವಾಮಿ. ಅವರ ಬೆರಳಿಗೆ ಅದೇ ಬೇಕಿತ್ತು.

ಚಾಚಾ ಪ್ರತಿಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಕನ್ನಡ ಐದು, ಉರ್ದು ಎರಡು, ಇಂಗ್ಲಿಷ್ ಒಂದು, ತಮಿಳು ಎರಡು. ಅಧ್ಯಕ್ಷರು ಒಂದೊಂದನ್ನೂ ಮುಟ್ಟಿ ಎಣಿಸಿದರು. ಹತ್ತು.

"ಹನ್ನೊಂದನೇ ಸೈಟು?"

ನಿಯಮ ಮುರಿದು ಬರೆದುಕೊಳ್ಳದೆ ಕೊಟ್ಟೆ ಅಂದರೆ ಹಾಲಿನ ಜೊತೆ ನನ್ನ ಕೆಲಸವೂ ಹೋಗುತ್ತಿತ್ತು. ಚಾಚಾ "ಬೈಂಡಿಂಗಿಗೆ ಹೋಗಿದೆ ಸಾಬ್" ಅಂದರು. ಬೈಂಡರ್ ಅವರೇ, ಬೈಂಡಿಂಗ್ ಮೇಜು ಎದುರಿಗೇ ಇತ್ತು, ಅದರ ಮೇಲೆ ಗೋಂದಿನ ಡಬ್ಬ ಬಿಟ್ಟರೆ ಏನೂ ಇರಲಿಲ್ಲ.

"ಹಂಗಾದ್ರೆ ಒತ್ತುವರಿ" ಅಂದರು ಅಧ್ಯಕ್ಷರು. ಅವರ ದನಿಯಲ್ಲಿ ಬೇಸರವಿತ್ತು. "ಯಾರದು, ಯಾವಾಗ ಆಯ್ತು, ಹೇಳಮ್ಮ. ಮಾತು ಮಾತೇ. ಒಂದು ಕಮ್ಮಿ ಆದ್ರೂ ಕಮ್ಮಿನೇ." ಜಿಮ್ಮಿನವನು ಒಂದು ಹೆಜ್ಜೆ ಒಳಗೆ ಬಂದ.

ಅಷ್ಟರಲ್ಲಿ ಗೋಡೆ ಗಡಿಯಾರ ಹನ್ನೊಂದು ಹೊಡೆಯಿತು. ಬಾಗಿಲಲ್ಲಿ ನಿಂತಿದ್ದ ಬೀಗದವನನ್ನು ಕೈಚೀಲದಿಂದ ಪಕ್ಕಕ್ಕೆ ಸರಿಸಿ ಪಾಟಿ ಒಳಗೆ ಬಂದರು. ಯಾರ ಮುಖವನ್ನೂ ನೋಡದೆ ತಮ್ಮ ಮಾಮೂಲಿ ಕುರ್ಚಿಗೆ ಹೋಗಿ ಕೂತು, ಚೀಲದಿಂದ ಕೆಂಪು ರಟ್ಟಿನ ಪುಸ್ತಕ ತೆಗೆದರು.

"ಇವತ್ತು ಬರಬೇಡಿ ಅಂದಿದ್ನಲ್ಲ ಪಾಟಿ" ಅಂದೆ. ಅಳು ಬರುವ ಹಾಗಿತ್ತು.

"ಗುರುವಾರ ಅಲ್ವಾಮ್ಮಾ?" ಅಂದರು ಅವರು.

ನಾನು ಅಧ್ಯಕ್ಷರ ಮುಂದೆ ನಿಂತು ನಡೆದದ್ದೆಲ್ಲ ಹೇಳಿಬಿಟ್ಟೆ. ಅವರು ನನ್ನ ಕಡೆ ನೋಡದೆ ಪುಸ್ತಕಕ್ಕೆ ಕೈ ಚಾಚಿದರು. ಪಾಟಿ ಕೊಡಲಿಲ್ಲ. "ನಂದು ಇನ್ನೂ ಮುಗಿದಿಲ್ಲ" ಅಂದರು. ಕೊನೆಗೆ ಅಧ್ಯಕ್ಷರೇ ಅವರ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಅವರು ಹಿಡಿದ ಹಾಗೆಯೇ ಓದಿದರು. ಕಂಟೋನ್ಮೆಂಟಿನ ಸ್ಕೂಲಿನಲ್ಲಿ ಓದಿದ ಹಳಬರಲ್ಲವೇ, ತಮಿಳು ಚೆನ್ನಾಗಿ ಬರುತ್ತದೆ. ಒಂದು ಪುಟ ತಿರುವಿ ಮೀಸೆಯಲ್ಲೇ ನಕ್ಕರು. ಇನ್ನೊಂದು ಪುಟದಲ್ಲಿ "ಯಜಮಾನ್ರು ಹೇಳಿದ್ದು ಸರಿ ಇದೆಯಲ್ಲಮ್ಮ" ಅಂದು ಪಾಟಿಯಿಂದ ಬೈಸಿಕೊಂಡರು. ಕೊನೆಯ ಪುಟಕ್ಕೆ ಬಂದು ಕೋಳಿ ಕೆದಕಿದ ಸಾಲನ್ನು ಓದಿದರು. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಹೊಸ ಉತ್ತರವಿತ್ತು. ಅದನ್ನು ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದರು:

"ಓದಿದೆ. ಕೊನೆ ಚೆನ್ನಾಗಿಲ್ಲ. ನಾನು ಮೊದಲೇ ಹೇಳಿದ್ದೆ."

ಚಾಚಾ ಸುಮ್ಮನೆ ಗೋಂದಿನ ಡಬ್ಬದ ಮುಚ್ಚಳ ತಿರುಗಿಸುತ್ತಿದ್ದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

"ಬರ್ಕೊಳಮ್ಮ. ಹನ್ನೊಂದನೇ ಸೈಟು ಸ್ಥಳದಲ್ಲಿದೆ. ಪಾರ್ಟಿ ಸ್ವಾಧೀನದಲ್ಲಿದ್ದಾರೆ."

ಬರೆದುಕೊಂಡೆ. ಜಿಮ್ಮಿನವನು ಮುಂದೆ ಬಂದು ಕೇಳಿದ. "ಸಾರ್, ಪುಸ್ತಕ ವಾಪಸ್ ತಗೊಂಡು ಅಮ್ಮನ್ನ ಕಳ್ಸಿ. ನಮ್ಮ ಹಾಲಿನ ವಿಷಯ ಏನಾಯ್ತು?"

ಅಧ್ಯಕ್ಷರು ಅವನನ್ನು ಕನಿಕರದಿಂದ ನೋಡಿದರು. "ಹನ್ನೆರಡು ವರ್ಷ ಒಂದು ಜಾಗ ಅನುಭವದಲ್ಲಿದ್ರೇನೇ ಎಬ್ಬಿಸೋಕೆ ಆಗಲ್ಲಪ್ಪ. ಈಯಮ್ಮ ಮೂವತ್ತು ವರ್ಷದಿಂದ ಗಂಡನ ಜೊತೆ ಬೇಲಿ ಹಾಕ್ಕೊಂಡು ಕೂತಿದ್ದಾರೆ, ಅಂಚಿನಲ್ಲಿ ಬರವಣಿಗೆಯ ಸಾಕ್ಷಿ ಬೇರೆ ಇದೆ. ನೀನು ಕ್ಲಿಯರ್ ಟೈಟಲ್ ಇರೋ ಜಾಗ ಬೇರೆ ನೋಡ್ಕೊ. ಈ ಪ್ರಾಪರ್ಟಿ ಡಿಸ್ಪ್ಯೂಟಲ್ಲಿದೆ."

"ಡಿಸ್ಪ್ಯೂಟಾ? ಯಾರ್ ಯಾರ ಮಧ್ಯೆ ಸಾರ್?"

"ಗಂಡ ಹೆಂಡ್ತಿ ಮಧ್ಯೆ" ಅಂದರು ಅಧ್ಯಕ್ಷರು. "ಒಬ್ರು ತೀರ್ಕೊಂಡಿದ್ದಾರೆ. ಆದ್ರೂ ಕೇಸು ಇನ್ನೂ ನಡೀತಾ ಇದೆ."